ಕೌದಿ ಬಾಳುವುದು ಒಳಗಿನ ಸೀರೆಯಿಂದ

ಪುಣೆಯವರಿಗೆ ಇದು ಗೋಧಡಿ, ಕೊಂಕಣದ ಕಡೆ ವಾಕಳ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಕೌದಿ: ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆ. ನೋಡಿದವರೆಲ್ಲ ಹೊಗಳುವುದು ಮೇಲಿನ ಬಣ್ಣಬಣ್ಣದ ತೇಪೆಗಳನ್ನು. ಆದರೆ ಅಜ್ಜಿ ಹೊಲಿದದ್ದು ಮೊಮ್ಮಗಳ ಕೈಗೆ ಬರಬೇಕಾದರೆ ಒಳಗೆ ಹಾಸಿದ ಸೀರೆ ಗಟ್ಟಿಯಿರಬೇಕು.

ಬಟ್ಟೆ ಆರಿಸುವಾಗ ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿದು ನೋಡಿ. ಜಾಳಾಗಿ ಬೆಳಕು ಸೋರುವ ಕಡೆ ಎರಡು ಹೆಬ್ಬೆರಳಿನಿಂದ ಸ್ವಲ್ಪ ಜಗ್ಗಿ. ಚರ್ ಎಂದರೆ ಆ ಭಾಗ ನೆಲ ಒರೆಸಲಿಕ್ಕೆ. ಕೂತೆದ್ದು ಸವೆದ ನಡುಭಾಗ ಮೊದಲು ಹೋಗಿರುತ್ತದೆ. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಹೆಚ್ಚಾಗಿ ಹೊಸದರಂತೆಯೇ ಇರುತ್ತದೆ. ಒಳಗೆ ಹತ್ತಿ ಮಾತ್ರ. ನೈಲಾನ್, ಪಾಲಿಯೆಸ್ಟರ್ ಸೀರೆ ಪದರಗಳ ನಡುವೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಇಳಕಲ್ ಸೀರೆಯಾದರೆ ಸೆರಗು ಮತ್ತು ಒಡಲನ್ನು ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ನಾಲ್ಕು ಬೆರಳಗಲ ಕತ್ತರಿಸಿ ತೆಗೆಯಿರಿ. ಅಲ್ಲಿ ಸೂಜಿ ಇಳಿಯುವುದಿಲ್ಲ, ಬಲವಂತ ಮಾಡಿದರೆ ಮುರಿಯುತ್ತದೆ. ಸೆರಗಿನ ಕೆಂಪನ್ನು ಮೇಲಿನ ತೇಪೆಗೆ ಉಳಿಸಿಕೊಳ್ಳಿ.

ಎಲ್ಲ ಬಟ್ಟೆಯನ್ನೂ ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಬೇಕು. ಗಂಜಿ ಉಳಿದರೆ ಬೆಳ್ಳಿಹುಳು ಬರುತ್ತದೆ. ಗುಳೇದಗುಡ್ಡದ ಖಣದಂಥ ಹೊಸ ತುಂಡು ಸೇರಿಸುವುದಿದ್ದರೆ ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಒತ್ತಿ ಹಿಡಿದು ಬಣ್ಣ ಬಿಡುತ್ತದೆಯೇ ನೋಡಿ. ಕೌದಿಯಾದ ಮೇಲೆ ಬಿಟ್ಟ ಬಣ್ಣಕ್ಕೆ ಮದ್ದಿಲ್ಲ.

ಇನ್ನು ಲೆಕ್ಕ. ಒಬ್ಬರು ಹೊದೆಯುವ ಕೌದಿ 7 ಅಡಿ ಉದ್ದ, 5 ಅಡಿ ಅಗಲ. ಮಡಿಕೆಗೆ, ಹೊಲಿಗೆಯಲ್ಲಿ ಕುಗ್ಗುವುದಕ್ಕೆ ಎರಡೂ ಕಡೆ ಅರ್ಧರ್ಧ ಅಡಿ ಹೆಚ್ಚು ಹಿಡಿಯಿರಿ. ಮೇಲೊಂದು, ಕೆಳಗೊಂದು, ನಡುವೆ ಮೂರು, ಹೀಗೆ ಐದು ಪದರ. ಆರು ಗಜದ ಒಂದು ಸೀರೆಯಲ್ಲಿ ಏಳೂವರೆ ಅಡಿಯ ಎರಡು ತುಂಡು ಬರುತ್ತವೆ. ಸೀರೆಯ ಅಗಲ ಸುಮಾರು ಮೂರುಮುಕ್ಕಾಲು ಅಡಿ, ಹಾಗಾಗಿ ಪ್ರತಿ ಪದರದಲ್ಲೂ ಒಂದು ಕೂಡು ಬಂದೇ ಬರುತ್ತದೆ. ಕಾಗದದ ಮೇಲೆ ನಾಲ್ಕು ಸೀರೆ ಸಾಕು, ಸವೆದದ್ದನ್ನು ಕಳೆದ ಮೇಲೆ ಐದು ಬೇಕಾಗುತ್ತದೆ. ಒಳಪದರದ ಕೂಡನ್ನು ಹೊಲಿಯಬೇಡಿ, ಒಂದರ ಮೇಲೊಂದು ಒಂದಿಂಚು ಹತ್ತಿಸಿದರೆ ಆಯಿತು. ಆದರೆ ಐದೂ ಕೂಡುಗಳು ಒಂದೇ ಕಡೆ ಬರದಂತೆ ಹಾಸಿ. ಬಂದರೆ ಬೆನ್ನಡಿಗೆ ಹಗ್ಗ ಬಿದ್ದಂತೆ ಚುಚ್ಚುತ್ತದೆ.

ದಾರ ಹತ್ತಿಯದೇ ಇರಲಿ. ಪುಣೆಯ ರವಿವಾರ ಪೇಟೆಯ ಅಂಗಡಿಗಳಲ್ಲಿ ಮಿರಿಮಿರಿ ಪಾಲಿಯೆಸ್ಟರ್ ದಾರ ತೋರಿಸಿ, ‘ಇದು ತುಂಡಾಗುವುದೇ ಇಲ್ಲ’ ಎನ್ನುತ್ತಾರೆ. ಅದೇ ತೊಂದರೆ: ದಾರ ತುಂಡಾಗದಿದ್ದರೆ ಬಟ್ಟೆ ಕೊಯ್ದುಹೋಗುತ್ತದೆ. ಹರಿದ ದಾರವನ್ನು ಮತ್ತೆ ಹಾಕಬಹುದು, ಕೊಯ್ದ ಸೀರೆಯನ್ನು ಏನೂ ಮಾಡಲಾಗದು. ಮಷಿನ್ ಹೊಲಿಗೆಯೂ ಹಳೇ ಬಟ್ಟೆಗೆ ಹೊಂದುವುದಿಲ್ಲ, ಒತ್ತೊತ್ತಾದ ತೂತಿನ ಗೆರೆಯುದ್ದಕ್ಕೂ ಹರಿಯುತ್ತದೆ. ಮುಕ್ಕಾಲು ಇಂಚಿಗೊಂದು ಸಾಲು ಹಾಕಿದರೆ ಒಟ್ಟು 560 ಅಡಿ ಹೊಲಿಗೆ. ಒಂಟಿ ಎಳೆಗೆ 200 ಮೀಟರ್, ಜೋಡಿ ಎಳೆಗೆ 400 ಮೀಟರ್ ದಾರ ತಂದಿಡಿ. ಒಂದು ಸಲಕ್ಕೆ ಒಂದು ಮಾರಿಗಿಂತ ಹೆಚ್ಚು ಪೋಣಿಸಬಾರದು, ಗಂಟು ಬೀಳುತ್ತದೆ. ಮೇಣದಬತ್ತಿಯ ಮೇಲೆ ಒಮ್ಮೆ ಎಳೆದುಕೊಂಡರೆ ಸುಕ್ಕೂ ಬೀಳದು. ಸೂಜಿ ಎರಡಿಂಚಿನ ಸಪೂರದ್ದು. ದಬ್ಬಣ ಗೋಣಿಚೀಲಕ್ಕೆ ಸರಿ, ಸೀರೆಗೆ ಬೇಡ.

ಹಾಲ್‌ನ ಸೋಫಾ ಸರಿಸಿ, ನೆಲದ ಮೇಲೆ ಕೆಳಗಿನ ಪದರದಿಂದ ಒಂದೊಂದಾಗಿ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿ. ನಂತರ ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ, ಅದೂ ನಡುವಿನಿಂದಲೇ ಶುರು. ಅವಸರದವರು ಈ ಕೆಲಸ ಬಿಡುತ್ತಾರೆ, ಕೌದಿ ಕೆಡುವುದೂ ಇಲ್ಲಿಯೇ. ಆಮೇಲೆ ಅಂಚು ಒಳಮಡಿಸಿ, ಒಂದು ಮೂಲೆಯಿಂದ ಹೊರಟು ಸುತ್ತುತ್ತಾ ಒಳಗೆ ಬರಬೇಕು. ಹೊಲಿಗೆ ಅಕ್ಕಿ ಕಾಳಿನುದ್ದ, ಸಂದು ಜೋಳದ ಕಾಳಿನಷ್ಟು. ಸೂಜಿಗೆ ಮೂರು ನಾಲ್ಕು ಹೊಲಿಗೆ ತುಂಬಿಕೊಂಡು ಒಮ್ಮೆ ಎಳೆಯಿರಿ, ಎಳೆದ ಮೇಲೆ ಬಟ್ಟೆಯನ್ನು ಎರಡೂ ಕೈಯಿಂದ ಬಿಗಿದು ದಾರಕ್ಕೆ ಸ್ವಲ್ಪ ಸಡಿಲ ಕೊಡಿ. ಕೊಡದಿದ್ದರೆ ಮೂಲೆಗಳು ಹಪ್ಪಳದ ಹಾಗೆ ಮೇಲೇಳುತ್ತವೆ.

ಹೊರಗಿನಿಂದ ಒಳಗೆ ಬರುವಾಗ ಪ್ರತಿ ಸುತ್ತೂ ಚೂರು ಬಟ್ಟೆಯನ್ನು ಮುಂದಕ್ಕೆ ದೂಡುತ್ತದೆ. ನಡುವಿಗೆ ಬರುವಷ್ಟರಲ್ಲಿ ಅದೆಲ್ಲ ಸೇರಿ ಗುಬ್ಬಿಯಾಗಿ ಉಬ್ಬುತ್ತದೆ. ಅದಕ್ಕೇ ನಾಲ್ಕು ಸುತ್ತಿಗೊಮ್ಮೆ ನೆಲದ ಮೇಲೆ ಹರಡಿ, ತಿರುವಿ ಹಾಕಿ ಕೆಳಪದರ ನೋಡಬೇಕು. ಗುಬ್ಬಿ ಎದ್ದೇಬಿಟ್ಟರೆ ಎರಡು ಮೂರು ಸುತ್ತು ಬಿಚ್ಚಿ. ಮೇಲೊಂದು ತೇಪೆ ಹಾಕಿ ಮುಚ್ಚುವವರಿದ್ದಾರೆ. ಉಜ್ಜುವುದು ಉಬ್ಬಿದ ಜಾಗವೇ, ಹಾಗಾಗಿ ಮೊದಲು ಹರಿಯುವುದೂ ಆ ತೇಪೆಯೇ.

ಸುತ್ತಿ ಹೊಲಿಯುವ ಇದೇ ಕ್ರಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರಲ್ಲೂ ಇದೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಅವರಲ್ಲಿ ಹಲವರ ಸಂತತಿಯವರು ಇವರು. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ‘ಫೂಲ’ ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಬತ್ತಲೆ. ಅಂದದ ಮಾತು ಬಿಟ್ಟರೂ, ಹಿಡಿದು ಜಗ್ಗುವ ಮೂಲೆಗೆ ನಾಲ್ಕು ಮಡಿಕೆ ಹೆಚ್ಚು ಸಿಕ್ಕರೆ ಒಳ್ಳೆಯದೇ.

ಹಳೇ ಕೌದಿ ಕೈಗೆ ಬಂದಿದ್ದರೆ ಅದರ ಹೊಲಿಗೆ ಬಿಚ್ಚಬೇಡಿ, ಒಳಗಿನ ಚಿಂದಿಯನ್ನು ಹಿಡಿದಿಟ್ಟಿರುವುದೇ ಆ ದಾರ. ಮೇಲೆ ಕೆಳಗೆ ಒಂದೊಂದು ಪದರ ಕೊಟ್ಟು, ಹಳೇ ಸಾಲುಗಳ ನಡುವಿನ ಸಂದಿನಲ್ಲಿ ಹೊಸ ಸಾಲು ಇಳಿಸಿ. ಈಗ ಏಳು ಪದರ, ಸೂಜಿ ಚುಚ್ಚದಂತೆ ಮಧ್ಯದ ಬೆರಳಿಗೆ ತೊಡುವ ಅಂಗುಸ್ತಾನ ಬೇಕೇ ಬೇಕು. ಇನ್ನೊಮ್ಮೆ ಹೊದಿಸಿದರೆ ಒಂಬತ್ತು, ಅಲ್ಲಿಗೆ ಕೈಸೂಜಿ ಸೋಲುತ್ತದೆ. ಆಗ ಗಟ್ಟಿ ಉಳಿದ ಭಾಗ ಕತ್ತರಿಸಿ ಕೂಸಿನ ಹಾಸಿಗೆ ಮಾಡುವುದೇ ಸರಿ. ಎಲ್ಲಕ್ಕಿಂತ ಮೊದಲು ಸವೆಯುವುದು ಕೊರಳ ಬಳಿಯ ಅಂಚು, ತಲೆಯ ಎಣ್ಣೆ ತಾಗಿ. ಅಲ್ಲಿಗೆ ಹಳೇ ಧೋತರದ ನಾಲ್ಕಿಂಚಿನ ಪಟ್ಟಿ ಮಡಿಸಿ ಹೊಲಿದಿಟ್ಟರೆ ಪಟ್ಟಿ ಮಾತ್ರ ಬದಲಿಸುತ್ತಾ ಹೋಗಬಹುದು.

ಒಗೆಯುವುದು ತಣ್ಣೀರಿನಲ್ಲಿ, ಮಾರ್ಚ್‌ನಿಂದ ಮೇ ತಿಂಗಳೊಳಗೆ. ಜೂನ್ ಮೇಲೆ ಒಳಪದರ ಒಣಗದೆ ಬೂಷ್ಟು ಹಿಡಿಯುತ್ತದೆ. ಹಿಂಡಬೇಡಿ, ಮಡಿಸಿ ತುಳಿದು ನೀರು ಇಳಿಸಿ. ಒಂದೇ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಬಾಲ್ಕನಿಯ ಎರಡು ಮೂರು ಹಗ್ಗದ ಮೇಲೆ ಹರಡಿ, ಮಧ್ಯಾಹ್ನಕ್ಕೊಮ್ಮೆ ತಿರುವಿ ಹಾಕಿ.