ಯುದ್ಧದ ಕಥೆಯ ಕುದುರೆಗೆ ದೇಶಭಕ್ತಿ ಕಲಿಸಬೇಡಿ

ನಾನು ಮಕ್ಕಳ ಪುಸ್ತಕಗಳ ಸಂಪಾದಕಿ. ಬರುವ ಹಸ್ತಪ್ರತಿಯಲ್ಲಿ ಯುದ್ಧ ಇದ್ದರೆ ಒಂದು ಕುದುರೆಯೋ ನಾಯಿಯೋ ಇದ್ದೇ ಇರುತ್ತದೆ, ಅದು ಕೊನೆಯ ಪುಟದಲ್ಲಿ ಯಜಮಾನನಿಗಾಗಿ ಪ್ರಾಣ ಬಿಟ್ಟೇ ಬಿಡುತ್ತದೆ. ಓದಿದವರು ಅಳಬೇಕು, ಅಷ್ಟೇ ಲೆಕ್ಕಾಚಾರ.

ಈಚೆಗೆ ಬಂದದ್ದು ಮೊದಲ ಮಹಾಯುದ್ಧದ ಹೈಫಾ ಕದನದ ಕಥೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು ಭರ್ಜಿ ಹಿಡಿದು ಕುದುರೆ ಮೇಲೆ ನುಗ್ಗಿ, ತುರ್ಕರ ಫಿರಂಗಿಗಳನ್ನೂ ಮೆಷಿನ್ ಗನ್‌ಗಳನ್ನೂ ಎದುರಿಸಿ ಆ ಊರನ್ನು ಗೆದ್ದರು. ಇಂಥ ಸವಾರರ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ನಿಲ್ಲಿಸಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದೇ. ವಿಷಯ ಚೆನ್ನಾಗಿತ್ತು, ಆದರೆ ಕಥೆ ಹೇಳುವ ಕುದುರೆ ಪುಟಕ್ಕೊಂದು ಸಲ ತಾಯ್ನಾಡಿನ ಹೆಸರಲ್ಲಿ ಭಾಷಣ ಬಿಗಿಯುತ್ತಿತ್ತು. ಯಾವ ತಾಯ್ನಾಡು? ಸವಾರ ಮೈಸೂರು ಮಹಾರಾಜರ ಪಡೆಯವನು. ಕಾದುತ್ತಿರುವುದು ಬ್ರಿಟಿಷರ ಪರವಾಗಿ, ಅದೂ ಪ್ಯಾಲೆಸ್ಟೈನಿನಲ್ಲಿ. ಮನುಷ್ಯರಿಗೇ ಗೋಜಲು, ಇನ್ನು ಕುದುರೆಗೆ?

ಲೇಖಕಿಗೆ ನಾನು ಓದಲು ಹೇಳಿದ್ದು ಮೈಕೇಲ್ ಮೊರ್ಪುರ್ಗೊ ಅವರ ‘ವಾರ್ ಹಾರ್ಸ್’. 1982ರ ಪುಸ್ತಕ, ಅದೇ ಮಹಾಯುದ್ಧದ ಕಥೆ. ಅಲ್ಲೂ ಕಥೆ ಹೇಳುವುದು ಕುದುರೆಯೇ, ಹೆಸರು ಜೋಯಿ. ಇಂಗ್ಲೆಂಡಿನ ಡೆವನ್‌ನ ಹೊಲದಲ್ಲಿ ಆಲ್ಬರ್ಟ್ ಎಂಬ ಹುಡುಗ ಅದನ್ನು ಪಳಗಿಸುತ್ತಾನೆ, ಅವನಪ್ಪ ದುಡ್ಡಿಗಾಗಿ ಸೈನ್ಯಕ್ಕೆ ಮಾರುತ್ತಾನೆ. ಆಮೇಲೆ ಜೋಯಿ ಬ್ರಿಟಿಷ್ ಅಧಿಕಾರಿಯನ್ನು ಹೊರುತ್ತದೆ, ಜರ್ಮನರ ಕೈಗೆ ಸಿಕ್ಕಿ ಅವರ ಗಾಯಾಳುಗಳ ಗಾಡಿ ಎಳೆಯುತ್ತದೆ, ಎಮಿಲಿ ಎಂಬ ಫ್ರೆಂಚ್ ಹುಡುಗಿಯ ಮುದ್ದಿನ ಕುದುರೆಯಾಗುತ್ತದೆ. ಹಾಗಾದರೆ ಜೋಯಿ ದ್ರೋಹಿಯಾ? ಓದುವಾಗ ಯಾರಿಗೂ ಹಾಗನ್ನಿಸುವುದಿಲ್ಲ. ಅದರ ನಿಷ್ಠೆ ಬಾವುಟಕ್ಕಲ್ಲ, ಮೈ ತಿಕ್ಕಿ ಮೇವು ಹಾಕಿದ ಕೈಗೆ. ಕೈ ಯಾವ ದೇಶದ್ದು ಅಂತ ಅದು ಕೇಳುವುದಿಲ್ಲ.

ನನಗೆ ತುಂಬಾ ಇಷ್ಟದ ಭಾಗವೆಂದರೆ ಎರಡು ಸೈನ್ಯಗಳ ನಡುವಿನ ಬಯಲಿನದು. ಗಾಯಗೊಂಡ ಜೋಯಿ ಅಲ್ಲಿ ಒಂಟಿಯಾಗಿ ನಿಂತಿದೆ. ಆ ಕಡೆಯ ಕಂದಕದಿಂದ ಒಬ್ಬ ಜರ್ಮನ್, ಈ ಕಡೆಯಿಂದ ವೇಲ್ಸ್‌ನವನೊಬ್ಬ, ಇಬ್ಬರೂ ಬಿಳಿ ಬಟ್ಟೆ ಬೀಸುತ್ತಾ ಎದ್ದು ಬರುತ್ತಾರೆ. ಕುದುರೆ ಯಾರಿಗೆ? ನಾಣ್ಯ ಚಿಮ್ಮುತ್ತಾರೆ, ವೇಲ್ಸ್‌ನವನು ಗೆಲ್ಲುತ್ತಾನೆ, ಇಬ್ಬರೂ ಕೈ ಕುಲುಕಿ ತಂತಮ್ಮ ಕಂದಕಕ್ಕೆ ವಾಪಸ್. ಇಷ್ಟರಲ್ಲೇ ಇಡೀ ಯುದ್ಧ ಎಷ್ಟು ಅಸಂಬದ್ಧ ಅಂತ ಗೊತ್ತಾಗುತ್ತದೆ, ಆದರೆ ಆ ಮಾತನ್ನು ಲೇಖಕರು ಕುದುರೆಯ ಬಾಯಲ್ಲಿ ಹೇಳಿಸುವುದಿಲ್ಲ.

ಲೇಖಕಿಗೆ ಇದೆಲ್ಲ ಒಂದೇ ಸಲಕ್ಕೆ ಒಪ್ಪಿಗೆಯಾಗಲಿಲ್ಲ. “ಹಾಗಾದ್ರೆ ಭಾವನೆ ಎಲ್ಲಿಂದ ಬರಬೇಕು ಮೇಡಂ?” ಅಂದರು. ನ್ಯಾಯವಾದ ಪ್ರಶ್ನೆ. ಕೆಲಸದಿಂದ ಬರಬೇಕು ಅಂದೆ. ನಿಮ್ಮ ಸವಾರ ಆ ದಿನ ಬೆಳಿಗ್ಗೆ ಏನು ಮಾಡಿದ, ನೀರು ಮೊದಲು ಯಾರು ಕುಡಿದರು, ಊರಲ್ಲಿ ಹುರುಳಿ ತಿಂದು ಬೆಳೆದ ಕುದುರೆ ಪರದೇಶದ ಮೇವಿಗೆ ಮೂಗು ಮುರಿಯಿತಾ, ಇದನ್ನು ಬರೆಯಿರಿ. ಇನ್ನೊಂದು ವಿಷಯ, ಅವತ್ತು ಮೈಸೂರಿನ ಒಂದು ತುಕಡಿ ಹೈಫಾ ಪಕ್ಕದ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಕಡಿದಾದ ಬೆಟ್ಟ ಹತ್ತುವ ಕುದುರೆಗೆ ಬೇಕಾದ್ದು ಭಾಷಣವಲ್ಲ, ಗಟ್ಟಿ ಲಾಳ.

ತಿದ್ದಿದ ಪ್ರತಿಯಲ್ಲಿ ಭಾಷಣಗಳೆಲ್ಲ ಹೋಗಿದ್ದವು. ಬದಲಿಗೆ ಒಂದು ಪುಟ ಬಂದಿತ್ತು: ಹತ್ತುವಾಗ ಕುದುರೆ ಕುಂಟುತ್ತದೆ. ಸವಾರ ಇಳಿದು, ಅದರ ಮುಂಗಾಲನ್ನು ತನ್ನ ತೊಡೆ ಮೇಲಿಟ್ಟುಕೊಂಡು, ಗೊರಸಿಗೆ ಸಿಕ್ಕ ಕಲ್ಲನ್ನು ಚಾಕುವಿನ ತುದಿಯಿಂದ ಎಬ್ಬಿಸುತ್ತಾನೆ. ಮೇಲಿಂದ ಗುಂಡು ಬರುತ್ತಿದೆ, ಕುದುರೆ ಕಾಲು ಕೊಸರುವುದಿಲ್ಲ. ಅದರ ಮನಸ್ಸಿನಲ್ಲಿ ಏನಿತ್ತು ಅಂತ ಒಂದು ಸಾಲೂ ಇಲ್ಲ.

ಆ ಪುಟಕ್ಕೆ ನಾನು ಕೈ ಹಚ್ಚಲಿಲ್ಲ. ಕುದುರೆ ಕೊನೆಗೆ ಸಾಯಬೇಕಾ ಬೇಡವಾ ಅನ್ನುವುದರ ಮೇಲೆ ಮಾತ್ರ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.