ಲೆಕ್ಕ ತಪ್ಪಿದ ರೊಟ್ಟಿ

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ನಾನು ಪೀಸ್ ಲೆಕ್ಕ ಬರೆಯುತ್ತೇನೆ. ಯಾರು ಎಷ್ಟು ಜೇಬು ಹೊಲಿದರು, ಯಾರು ಎಷ್ಟು ಜಿಪ್ ಕೂರಿಸಿದರು ಎಂದು ದಿನವಿಡೀ ಕೂಡುವುದು, ಕಳೆಯುವುದು. ಅದಕ್ಕೇ ಇರಬೇಕು, ‘ದಿ ಹಂಗರ್ ಗೇಮ್ಸ್’ ಓದುವಾಗ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಅದರ ಪ್ರೇಮಕಥೆಯಲ್ಲ, ಒಂದು ಲೆಕ್ಕ.

ಸುಜಾನ್ ಕಾಲಿನ್ಸ್ ಅವರ ಈ ಇಂಗ್ಲಿಷ್ ಕಾದಂಬರಿ ಬಂದದ್ದು 2008ರಲ್ಲಿ. ನನ್ನ ಕೈಗೆ ಸಿಕ್ಕಿದ್ದು ಕಳೆದ ಮಳೆಗಾಲದಲ್ಲಿ, ಹಳೆಯ ಪುಸ್ತಕಗಳ ರಾಶಿಯೊಂದರಲ್ಲಿ. ಕಥೆ ನಡೆಯುವುದು ಪಾನೆಮ್ ಎಂಬ ಮುಂದಿನ ಕಾಲದ ದೇಶದಲ್ಲಿ. ಒಂದು ಸಿರಿವಂತ ರಾಜಧಾನಿ, ಅದಕ್ಕೆ ದುಡಿದು ಹಾಕುವ 12 ಜಿಲ್ಲೆಗಳು. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ವರ್ಷವರ್ಷವೂ ಪ್ರತಿ ಜಿಲ್ಲೆ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಕೊಡಬೇಕು. ಆ 24 ಮಕ್ಕಳು ಒಬ್ಬರೇ ಉಳಿಯುವ ತನಕ ಕಾದಾಡಬೇಕು, ಉಳಿದವರೆಲ್ಲ ಅದನ್ನು ಟಿ.ವಿ.ಯಲ್ಲಿ ನೋಡಬೇಕು. ಯಾರು ಹೋಗಬೇಕೆಂದು ಚೀಟಿ ಎತ್ತಿ ಆರಿಸುತ್ತಾರೆ. 12 ವರ್ಷ ತುಂಬಿದವರ ಹೆಸರಿನಲ್ಲಿ ಒಂದು ಚೀಟಿ, 13ಕ್ಕೆ ಎರಡು, ಹೀಗೆ 18ರವರೆಗೆ ಏರುತ್ತಾ ಹೋಗುತ್ತದೆ. ಮನೆಯಲ್ಲಿ ಹಸಿವಿದ್ದರೆ ಹೆಚ್ಚಿನ ಚೀಟಿ ಹಾಕಿಸಬಹುದು. ಒಂದು ಚೀಟಿಗೆ ಒಬ್ಬರ ಪಾಲಿನ ಒಂದು ವರ್ಷದ ಕಾಳು, ಎಣ್ಣೆ. ಅದೂ ಹೊಟ್ಟೆ ತುಂಬುವಷ್ಟಲ್ಲ.

ಕಥಾನಾಯಕಿ ಕ್ಯಾಟ್ನಿಸ್ ಅವ್ವನಿಗೊಂದು, ತಂಗಿಗೊಂದು, ತನಗೊಂದು ಎಂದು ವರ್ಷಕ್ಕೆ ಮೂರು ಹೆಚ್ಚಿನ ಚೀಟಿ ಹಾಕಿಸುತ್ತಾ ಬಂದವಳು. 16ನೇ ವಯಸ್ಸಿಗೆ ಅವಳ ಹೆಸರು 20 ಸಲ ಇದೆ. ನಾನು ರಿಜಿಸ್ಟರಿನ ಹಿಂಬದಿಯಲ್ಲಿ ಕೂಡಿ ನೋಡಿದೆ. ವಯಸ್ಸಿನ ಲೆಕ್ಕದವು ಐದು, ವರ್ಷಕ್ಕೆ ಮೂರರಂತೆ ಐದು ವರ್ಷಕ್ಕೆ ಹದಿನೈದು. ಸರಿಯಾಗಿತ್ತು. ಬಡವರ ಮನೆಯ ಲೆಕ್ಕವನ್ನು ತಪ್ಪಿಲ್ಲದೆ ಬರೆದ ಲೇಖಕಿಯ ಮೇಲೆ ಆ ಕ್ಷಣವೇ ನಂಬಿಕೆ ಬಂತು.

ಕ್ಯಾಟ್ನಿಸ್‌ಳ ಜಿಲ್ಲೆ ಕಲ್ಲಿದ್ದಲ ಗಣಿಯದ್ದು. ನಮ್ಮ ಊರು ಸಂಡೂರಿನ ಗುಡ್ಡಗಳ ಬುಡದಲ್ಲಿದೆ. ಅಲ್ಲಿ ಕಪ್ಪು ಧೂಳು, ಇಲ್ಲಿ ಕೆಂಪು. ಒಣಹಾಕಿದ ಬಟ್ಟೆಯ ಮೇಲೆ, ಹುಣಸೆ ಎಲೆಯ ಮೇಲೆ, ಬೈತಲೆಯ ಗೆರೆಯಲ್ಲಿ ಕೆಂಪು. ಅವಳ ಅಪ್ಪ ಗಣಿಯ ಸ್ಫೋಟದಲ್ಲಿ ಸತ್ತಾಗ ಅವಳಿಗೆ 11. ನನ್ನ ಅಪ್ಪ ಅದಿರಿನ ಲಾರಿ ಓಡಿಸುತ್ತಿದ್ದರು. 2011ರ ಜುಲೈ ಕೊನೆಯಲ್ಲಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಂತಾಗ ನನಗೆ 12. ಅಪ್ಪ ನಮ್ಮ ಜೊತೆಗೇ ಇದ್ದರು, ಅದು ನಮ್ಮ ಪುಣ್ಯ. ಆದರೆ ಕೆಲಸವಿಲ್ಲದ ಗಂಡಸು ಮನೆಯ ಕಟ್ಟೆಯ ಮೇಲೆ ಕುಳಿತು ಖಾಲಿ ರಸ್ತೆ ನೋಡುವುದನ್ನು ಆ ವರ್ಷ ದಿನಾ ಕಂಡೆ.

ಈ ಕಾದಂಬರಿಯ ಮೇಲೆ ನನಗೆ ಪ್ರೀತಿ ಹುಟ್ಟಿದ ಪುಟ ಯಾವುದೆಂದು ಬೆರಳಿಟ್ಟು ತೋರಿಸಬಲ್ಲೆ. ಜಡಿಮಳೆ. ಮನೆಯಲ್ಲಿ ಏನೂ ಇಲ್ಲದೆ ಬೇಕರಿಯ ಹಿಂದಿನ ಕಸದ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದಾಳೆ ಕ್ಯಾಟ್ನಿಸ್. ಡಬ್ಬಿಯೂ ಖಾಲಿ. ಬೇಕರಿಯವನ ಹೆಂಡತಿ ಬೈದು ಓಡಿಸುತ್ತಾಳೆ. ಅವಳ ಬೆನ್ನ ಹಿಂದಿನಿಂದ ಒಬ್ಬ ಹುಡುಗ ನೋಡುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಒಳಗೆ ಏನೋ ಬಿದ್ದ ಸದ್ದು, ಹೊಡೆತದ ಸದ್ದು. ಹುಡುಗ ಸೀದುಹೋದ ಎರಡು ಬ್ರೆಡ್ ಹಿಡಿದು ಹೊರಬರುತ್ತಾನೆ. ಕೆನ್ನೆಯ ಮೇಲೆ ಕೆಂಪು ಬಾಸುಂಡೆ. ಹಂದಿಗೆ ಹಾಕು ಎಂದು ಒಳಗಿನಿಂದ ತಾಯಿ ಕೂಗುತ್ತಾಳೆ. ಅವನು ಸೀದ ಭಾಗವನ್ನು ಕಿತ್ತು ಹಂದಿಗೆ ಹಾಕುತ್ತಾನೆ, ಒಮ್ಮೆ ಹಿಂದೆ ನೋಡುತ್ತಾನೆ, ಎರಡನ್ನೂ ಹುಡುಗಿಯತ್ತ ಎಸೆದು ಒಳಗೆ ಹೋಗುತ್ತಾನೆ. ಅವಳ ಮುಖವನ್ನು ನೋಡುವುದೂ ಇಲ್ಲ. ಬೇಕೆಂದೇ ಬೆಂಕಿಗೆ ಬೀಳಿಸಿದನೇ ಎಂಬ ಯೋಚನೆ ಅವಳಿಗೆ ಬರುವುದು ಮರುದಿನ.

ಈ ಪುಟ ಓದುವಾಗ ನಾನು ಊರಿಗೆ ಹೊರಟಿದ್ದ ಬಸ್ಸು ಕುಡತಿನಿ ದಾಟಿತ್ತು. ನಾನು ಪುಸ್ತಕ ಮುಚ್ಚಿ ಕಿಟಕಿಯತ್ತ ತಿರುಗಿದೆ. ತೋರಣಗಲ್ಲಿನವರೆಗೂ ಮತ್ತೆ ತೆರೆಯಲಾಗಲಿಲ್ಲ.

ಗಣಿ ನಿಂತ ಆ ವರ್ಷ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಸಂಜೆ ಹೊತ್ತಿಗೆ ಬಂದು ಬಟ್ಟೆ ಮುಚ್ಚಿದ ಬುಟ್ಟಿ ಇಟ್ಟು, “ಲೆಕ್ಕ ತಪ್ಪಿ ರೊಟ್ಟಿ ಹೆಚ್ಚು ಬಡಿದುಬಿಟ್ಟೆ, ನಾಳೆಗೆ ಬಿರುಸಾಗುತ್ತವೆ, ಮಕ್ಕಳಿಗೆ ಕೊಡು” ಎನ್ನುತ್ತಿದ್ದರು. ನಲವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಎರಡು ತಿಂಗಳು ವಾರಕ್ಕೆ ಮೂರು ದಿನ ಲೆಕ್ಕ ತಪ್ಪಿತು. ಅವ್ವ ಬುಟ್ಟಿಯನ್ನು ಬರಿದಾಗಿ ಹಿಂತಿರುಗಿಸುತ್ತಿರಲಿಲ್ಲ. ನಾಲ್ಕು ಹಸಿಮೆಣಸಿನಕಾಯಿಯನ್ನೋ ಕರಿಬೇವಿನ ಕಡ್ಡಿಯನ್ನೋ ಇಟ್ಟೇ ಕಳಿಸುತ್ತಿದ್ದಳು.

ಹಾಗಾಗಿ ಪೀಟಾ ಎಂಬ ಆ ಹುಡುಗನ ಪ್ರೀತಿಯನ್ನು ನಾನು ಒಂದು ಗಳಿಗೆಯೂ ಅನುಮಾನಿಸಲಿಲ್ಲ. ಕ್ಯಾಟ್ನಿಸ್ ಅನುಮಾನಿಸುತ್ತಾಳೆ, ಅವಳಿಗೆ ಬೇರೆ ದಾರಿಯಿಲ್ಲ. ಇಬ್ಬರೂ ಈಗ ಆ ಕಾದಾಟದ ಕಣದಲ್ಲಿದ್ದಾರೆ, ಕ್ಯಾಮೆರಾಗಳು ನೋಡುತ್ತಿವೆ. ಜ್ವರದಲ್ಲಿ ಸುಡುತ್ತಿರುವ ಪೀಟಾನಿಗೆ ಅವಳು ಗುಹೆಯೊಳಗೆ ಮುತ್ತು ಕೊಟ್ಟಾಗ, ನೋಡುಗರು ಮೆಚ್ಚಿ ಕೊಟ್ಟ ಹಣದಲ್ಲಿ, ಹೊರಗೆ ಪ್ಯಾರಾಚೂಟಿನಲ್ಲಿ ಬಿಸಿ ಸಾರಿನ ಪಾತ್ರೆ ಇಳಿಯುತ್ತದೆ. ಒಂದು ಮುತ್ತಿಗೆ ಒಂದು ಪಾತ್ರೆ ಸಾರು. ಅವಳಿಗೆ ಈ ದರ ಗೊತ್ತು, ಅವನಿಗೆ ಗೊತ್ತಿಲ್ಲ. ಓದುತ್ತಾ ನನ್ನ ಗಂಟಲು ಕಟ್ಟಿದ್ದು ಇಲ್ಲಿ. ಐದನೇ ವಯಸ್ಸಿನಲ್ಲಿ, ಶಾಲೆಯ ಮೊದಲ ದಿನ, ಎರಡು ಜಡೆ ಹಾಕಿದ್ದ ಅವಳು ಕೆಂಪು ಚೌಕುಳಿಯ ಉಡುಪು ತೊಟ್ಟು ಹಾಡಿದ್ದನ್ನು ಅವನು ಅದೇ ಗುಹೆಯಲ್ಲಿ ನೆನೆಯುತ್ತಾನೆ. ಇದೂ ನಾಟಕವೇ ಇರಬಹುದು ಎಂದುಕೊಳ್ಳುವಾಗಲೇ ಅವಳಿಗೆ ನೆನಪಾಗುತ್ತದೆ, ಅಂಥ ಉಡುಪು ನಿಜವಾಗಿಯೂ ಇತ್ತು. ತಂಗಿಗೆ ಹೋಗಿ, ಒಗೆದು ಒಗೆದು ಚಿಂದಿಯಾಗಿತ್ತು. ಬಟ್ಟೆಯ ನಡುವೆಯೇ ದಿನ ಕಳೆಯುವ ನನಗೆ ಈ ಸಾಕ್ಷಿ ಸಾಕು.

ಅಂತರ್ಜಾಲದಲ್ಲಿ ಓದುಗರು ಪೀಟಾನೋ ಗೇಲನೋ ಎಂದು ಎರಡು ಪಕ್ಷ ಕಟ್ಟಿಕೊಂಡಿದ್ದಾರೆ. ಗೇಲ್ ಅವಳ ಜೊತೆ ಬೇಟೆಯಾಡಿ ಬೆಳೆದವನು, ಅವನ ಹೆಸರಿನ ಚೀಟಿಗಳು 42. ಇಬ್ಬರಲ್ಲಿ ಯಾರು ಎಂದು ಕೇಳುವುದೇ ತಪ್ಪು ಎನಿಸುತ್ತದೆ ನನಗೆ. ತಂಗಿಯ ಹೊಟ್ಟೆ ತುಂಬಿಸುವ ಚಿಂತೆಯಲ್ಲೇ ಬೆಳೆದ ಹುಡುಗಿಗೆ ತನ್ನ ಮನಸ್ಸಿನಲ್ಲಿ ಏನಿದೆ ಎಂದು ಕೂತು ನೋಡುವಷ್ಟು ಬಿಡುವನ್ನು ಯಾರು ಕೊಟ್ಟಿದ್ದರು?

ಅಜ್ಜಿ ಹೇಳುತ್ತಿದ್ದ ಬಕಾಸುರನ ಕಥೆಯೂ ಓದುವಾಗ ನೆನಪಾಗುತ್ತಲೇ ಇತ್ತು. ಏಕಚಕ್ರನಗರದಲ್ಲಿ ಸರದಿ ಬಂದ ಮನೆಯೊಳಗೆ ನಾನು ಹೋಗುತ್ತೇನೆ, ಇಲ್ಲ ನಾನು ಎಂದು ಅಪ್ಪ, ಅವ್ವ, ಮಗಳು ಅಳುತ್ತಿರುವಾಗ, ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಹಿಡಿದು ನಾನು ಕೊಲ್ಲುತ್ತೇನೆ ಎನ್ನುತ್ತಾನಲ್ಲ. ಅಲ್ಲಿ ಕುಂತಿ ಬರುತ್ತಾಳೆ, ಭೀಮ ಹೋಗುತ್ತಾನೆ. ಇಲ್ಲಿ 12 ವರ್ಷದ ತಂಗಿಯ ಒಂದೇ ಒಂದು ಚೀಟಿ ಮೇಲೆ ಬಂದಾಗ ಅಕ್ಕ ತಾನೇ ಮುಂದೆ ಬರುತ್ತಾಳೆ.

ಕಳೆದ ಭಾನುವಾರ ಊರಿಗೆ ಹೋದಾಗ ದೊಡ್ಡಮ್ಮ ಒಲೆಯ ಮುಂದಿದ್ದರು. ಪಕ್ಕದಲ್ಲಿ ಕುಳಿತು ಬೇಕರಿಯ ಹುಡುಗನ ಕಥೆ ಹೇಳಿದೆ. ಮಳೆ, ಡಬ್ಬಿ, ಹಂದಿ ಎಲ್ಲವನ್ನೂ. ಅವರ ರೊಟ್ಟಿಯ ಮಾತನ್ನು ಮಾತ್ರ ಎತ್ತಲಿಲ್ಲ. ಅವರು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕಿದರು. ನಂತರ ಕೇಳಿದರು, “ಆ ಹುಡುಗನ ಕೆನ್ನೆಗೆ ಯಾರಾದರೂ ಏನಾದರೂ ಹಚ್ಚಿದರೇನವ್ವಾ?”

ಮರುದಿನ ಶಾಲೆಯಲ್ಲಿ ಅವನ ಕೆನ್ನೆ ಊದಿತ್ತು, ಕಣ್ಣಿನ ಸುತ್ತ ಕಪ್ಪಾಗಿತ್ತು ಎಂದೆ.

ದೊಡ್ಡಮ್ಮ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ಕುಳಿತರು. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತ್ತು.