ಪಾಮರ್‌ನ 25 ಅಂಕ ಮತ್ತು ನಮ್ಮ ಲೀಗಿನ ಲೆಕ್ಕ

1 ಅಕ್ಟೋಬರ್ 2024, ಮಂಗಳವಾರ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರ ನಿಜವಾದ ಆಟಕ್ಕೆ ತಕ್ಕಂತೆ ಅಂಕ ಗಳಿಸುವ ಆನ್‌ಲೈನ್ ಆಟ ಫ್ಯಾಂಟಸಿ ಪ್ರೀಮಿಯರ್ ಲೀಗ್. ಅದರ ಆರನೇ ಗೇಮ್‌ವೀಕ್ (ಒಂದು ಸುತ್ತಿನ ಪಂದ್ಯಗಳು) ಇವತ್ತು ನಸುಕಿನಲ್ಲಿ ಮುಗಿಯಿತು. ಕೊನೆಯ ಪಂದ್ಯ ಬೋರ್ನ್‌ಮತ್‌–ಸೌತಾಂಪ್ಟನ್, ನಮ್ಮ ಗಡಿಯಾರದಲ್ಲಿ ರಾತ್ರಿ 12:30ಕ್ಕೆ ಶುರು. ಬೆಳಿಗ್ಗೆ ಏಳುವಷ್ಟರಲ್ಲಿ ಕಾಲೇಜು ಗೆಳೆಯರ ಟೆಲಿಗ್ರಾಂ ಗ್ರೂಪಿನಲ್ಲಿ ನಮ್ಮೆಲ್ಲರ ತಂಡಗಳ ಅಂಕದ ಪೂರ್ತಿ ಪಟ್ಟಿ ಬಂದಿತ್ತು. ಕಳಿಸಿದ್ದು ಪೈಥಾನ್ ಭಾಷೆಯಲ್ಲಿ ನಾನು ಬರೆದ ಸಣ್ಣ ಪ್ರೋಗ್ರಾಂ, ಅಂದ್ರೆ ಸ್ಕ್ರಿಪ್ಟ್. ತುಂಬಾ ಖುಷಿಯಾಯಿತು.

ಹೋದ ಸೀಸನ್‌ವರೆಗೆ ಒಬ್ಬ ಗೆಳೆಯ ಎಲ್ಲರ ತಂಡವನ್ನೂ ಒಂದೊಂದಾಗಿ ತೆರೆದು ಎಕ್ಸೆಲ್‌ನಲ್ಲಿ ತುಂಬುತ್ತಿದ್ದ. ಸೀಸನ್ ಅಂದ್ರೆ 38 ಗೇಮ್‌ವೀಕ್. ಈಗ ಅವನ ಮನೆಯಲ್ಲಿ ಕೈಗೂಸು. ಇನ್ನೂ ಅವನ ಮೇಲೇ ಹಾಕೋದು ಸರಿಯಲ್ಲ, ಅಲ್ವಾ?

ಸೈಟು ಒಟ್ಟು ಅಂಕ ತೋರಿಸುತ್ತದೆ. ನಮಗೆ ಬೇಕಿದ್ದದ್ದು ಆ ಅಂಕ ಬಂದ ದಾರಿ. ಈ ವಾರವನ್ನೇ ನೋಡಿ. ಶನಿವಾರ ಬ್ರೈಟನ್ ವಿರುದ್ಧ ಚೆಲ್ಸಿಯ ಕೋಲ್ ಪಾಮರ್ ಮೊದಲರ್ಧದಲ್ಲೇ ನಾಲ್ಕು ಗೋಲು ಹೊಡೆದ. ಪ್ರೀಮಿಯರ್ ಲೀಗಿನಲ್ಲಿ ಹಿಂದೆ ಯಾರೂ ಹಾಗೆ ಹೊಡೆದಿರಲಿಲ್ಲ. ಮಿಡ್‌ಫೀಲ್ಡರ್ ಗೋಲಿಗೆ 5ರಂತೆ 20, ಆಡಿದ್ದಕ್ಕೆ 2, ಬೋನಸ್ 3. ಒಟ್ಟು 25. ಕ್ಯಾಪ್ಟನ್ ಅಂಕ ಎರಡು ಪಟ್ಟು, ಹಾಗಾಗಿ ಅವನನ್ನು ಕ್ಯಾಪ್ಟನ್ ಮಾಡಿದವರಿಗೆ 50! ನಮ್ಮಲ್ಲಿ ಹಾಗೆ ಮಾಡಿದವನು ಒಬ್ಬನೇ. ಉಳಿದವರೆಲ್ಲ ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲೆಂಡ್‌ನನ್ನು ನಂಬಿದ್ದರು. ನ್ಯೂಕ್ಯಾಸಲ್‌ನಲ್ಲಿ ಅವನು ಗೋಲೇ ಹೊಡೆಯಲಿಲ್ಲ.

ಕೆಲಸ ನಡೆಯೋದು ಹೀಗೆ. ಆಟದ ಎಪಿಐಗೆ (ಪ್ರೋಗ್ರಾಂಗಳು ಸೈಟಿನಿಂದ ಮಾಹಿತಿ ಪಡೆಯುವ ದಾರಿ) ಪೈಥಾನ್‌ನ 'ರಿಕ್ವೆಸ್ಟ್ಸ್' ಲೈಬ್ರರಿಯಿಂದ ಕೇಳಿದರೆ ಪ್ರತಿಯೊಬ್ಬರ 15 ಆಟಗಾರರೂ ಜೇಸನ್ (JSON) ಎಂಬ ಪಠ್ಯ ರೂಪದಲ್ಲಿ ಬರುತ್ತಾರೆ. ಪ್ರತಿ ಆಟಗಾರನ ಪಕ್ಕ 'ಮಲ್ಟಿಪ್ಲೈಯರ್' ಅಂತ ಒಂದು ಅಂಕಿ ಇರುತ್ತದೆ. ಬೆಂಚಿನಲ್ಲಿದ್ದರೆ 0, ಆಡಿದರೆ 1, ಕ್ಯಾಪ್ಟನ್‌ಗೆ 2, ಟ್ರಿಪಲ್ ಕ್ಯಾಪ್ಟನ್‌ಗೆ 3. ಈ ಒಂದು ಕಾಲಂ ಇದ್ದರೆ ಪಾಂಡಾಸ್ ಎಂಬ ಪೈಥಾನ್ ಲೆಕ್ಕದ ಲೈಬ್ರರಿಯಲ್ಲಿ ಕ್ಯಾಪ್ಟನ್‌ನಿಂದ ಬಂದದ್ದು ಎಷ್ಟು, ಬೆಂಚಿನಲ್ಲಿ ಕೊಳೆತದ್ದು ಎಷ್ಟು ಅಂತ ಬಿಡಿಸಿ ಹೇಳಬಹುದು. ಹೆಚ್ಚುವರಿ ಟ್ರಾನ್ಸ್‌ಫರ್‌ಗೆ, ಅಂದ್ರೆ ಆಟಗಾರನನ್ನು ಬದಲಾಯಿಸಿದ್ದಕ್ಕೆ, ತಲಾ 4 ಅಂಕ ದಂಡ. ವಾರದ ಅಂಕದಲ್ಲಿ ಅದು ಕಳೆದಿರುವುದಿಲ್ಲ, ಬೇರೆ ಕಡೆ ಇರುತ್ತದೆ. ವಾರದ ಗೆಲುವು ನಿರ್ಧರಿಸುವಾಗ ಅದನ್ನು ಕಳೆಯಲೇಬೇಕು. ಇಲ್ಲದಿದ್ದರೆ ಸುಮ್ನೆ ತಂಡ ಬದಲಾಯಿಸುತ್ತಾ ಹೋಗುವವನಿಗೇ ಲಾಭ.

ಅವಸರವೂ ಕೂಡದು. ಪಂದ್ಯ ಮುಗಿದ ಕೂಡಲೇ ಬೋನಸ್ ಸೇರಿರುವುದಿಲ್ಲ. ಅದಕ್ಕೇ 'ಡೇಟಾ ಚೆಕ್ಡ್' ಎಂಬ ಗುರುತು 'ಟ್ರೂ' ಆಗುವವರೆಗೆ ಸ್ಕ್ರಿಪ್ಟ್ ಕಾಯುತ್ತದೆ.

ಹಳೆಯ ಎಕ್ಸೆಲ್ ಶೀಟುಗಳನ್ನೂ ಇದಕ್ಕೆ ಜೋಡಿಸಬೇಕು. ಆಟಗಾರರ ಐಡಿ ಪ್ರತಿ ಸೀಸನ್ನೂ ಬದಲಾಗುತ್ತದೆ, 'ಕೋಡ್' ಎಂಬುದು ಬದಲಾಗುವುದಿಲ್ಲ. ಆ ಕೋಡ್ ಹಿಡಿದೇ ಹೋಗಬೇಕು. ಇವತ್ತು ಸಂಜೆ, ತಂಡ ಬದಲಾಯಿಸಲು ಇರುವ ಡೆಡ್‌ಲೈನ್ ನೆನಪಿಸುವ ಸಾಲನ್ನೂ ಸ್ಕ್ರಿಪ್ಟಿಗೆ ಸೇರಿಸಿದೆ. ಎಪಿಐ ಕೊಡೋದು ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಮುಂದಿನ ಡೆಡ್‌ಲೈನ್ ಶನಿವಾರ ಮಧ್ಯಾಹ್ನ 3:30.